ಪ್ರಶ್ನೋತ್ತರ ತಾಣಗಳಲ್ಲಿ ಮರುಪ್ರಶ್ನೆ ಬಂದರೆ ಮುಚ್ಚಬೇಕೋ, ಕೂಡಿಸಬೇಕೋ, ಹಾಗೇ ಬಿಡಬೇಕೋ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ನಾನು ಬರೆದ ಒಂದು ಫಂಕ್ಷನ್ (ಬೇಕಾದಾಗ ಹೆಸರು ಹಿಡಿದು ಕರೆಯುವ ಕೋಡಿನ ತುಂಡು) ತಲೆ ಕೆಡಿಸಿತ್ತು. ಕರೆಯುವಾಗ ಏನೂ ಕೊಡದಿದ್ದರೆ ಇರಲಿ ಎಂದು ಡಿಫಾಲ್ಟ್ ಆಗಿ ಖಾಲಿ ಲಿಸ್ಟ್ ಕೊಟ್ಟಿದ್ದೆ. ಎರಡನೇ ಸಲ ಕರೆದರೆ ಹಿಂದಿನ ಸಲದ್ದೆಲ್ಲ ಅದರಲ್ಲೇ ಇತ್ತು! ಇದನ್ನು ಏನಂತ ಹುಡುಕೋದು? ಹೆಸರೇ ಗೊತ್ತಿಲ್ಲವಲ್ಲ. ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೇಳಿದೆ. ಕೆಲವೇ ನಿಮಿಷಗಳಲ್ಲಿ ಡೂಪ್ಲಿಕೇಟ್ (ಆಗಲೇ ಕೇಳಿದ ಪ್ರಶ್ನೆ) ಎಂದು ಮುಚ್ಚಿದರು, ಅಂದರೆ ಹೊಸ ಉತ್ತರ ಬರೆಯಲು ಆಗದಂತೆ ಮಾಡಿದರು. ಆದರೆ ಮೇಲ್ಗಡೆ ಹಳೆಯ ಪ್ರಶ್ನೆಯ ಲಿಂಕ್ ಇತ್ತು. ಅಲ್ಲಿ ತೊಂದರೆಯ ಹೆಸರು ಸಿಕ್ಕಿತು: ಮ್ಯೂಟಬಲ್ ಡಿಫಾಲ್ಟ್ ಆರ್ಗ್ಯುಮೆಂಟ್. ಆ ಲಿಸ್ಟ್ ಪ್ರತಿ ಕರೆಗೂ ಹೊಸದಾಗಿ ಹುಟ್ಟುವುದಿಲ್ಲ, ಫಂಕ್ಷನ್ ಡಿಫೈನ್ ಆದಾಗ ಒಂದೇ ಸಲ ಹುಟ್ಟುತ್ತದೆ ಎಂದು ತಿಳಿಯಿತು.

ಅಲ್ಲಿ ಮುಚ್ಚಲು ವೋಟು ಹಾಕಬೇಕಾದರೆ 3,000 ರೆಪ್ಯುಟೇಶನ್ ಅಂಕ ಬೇಕು. ಸಾಮಾನ್ಯವಾಗಿ ಮೂರು ವೋಟು ಬೀಳಬೇಕು. ಪ್ರಶ್ನೆಗೆ ಹಚ್ಚಿದ ಟ್ಯಾಗಿನಲ್ಲಿ, ಅಂದರೆ ಆ ವಿಷಯದಲ್ಲಿ, ಚಿನ್ನದ ಬ್ಯಾಡ್ಜ್ ಇದ್ದವರು ಒಬ್ಬರೇ ಡೂಪ್ಲಿಕೇಟ್ ಎಂದು ಮುಚ್ಚಬಹುದು. ನನಗೆ ತುಂಬಾ ಹಿಡಿಸಿದ್ದು ಬೇರೆ. ಮುಚ್ಚಿದ ಪ್ರಶ್ನೆ ಸಾಮಾನ್ಯವಾಗಿ ಅಳಿದುಹೋಗುವುದಿಲ್ಲ, ಕೈಮರದ ಹಾಗೆ ನಿಂತಿರುತ್ತದೆ. ನನ್ನಂತೆ ಹೆಸರು ಗೊತ್ತಿಲ್ಲದವರು ಅವರದೇ ಮಾತಲ್ಲಿ ಹುಡುಕಿದರೂ ದಾರಿ ಸಿಗುತ್ತದೆ.

ಕೋರಾ ಎಂಬ ಪ್ರಶ್ನೋತ್ತರ ತಾಣದಲ್ಲಿ ಬೇರೆ ರೀತಿ. ಎರಡು ಪ್ರಶ್ನೆಗಳನ್ನು ಕೂಡಿಸುತ್ತಾರೆ, ಉತ್ತರಗಳೆಲ್ಲ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಸುಮ್ನೆ ಓದಲು ಹೋದವರಿಗೆ ಇದು ತುಂಬಾ ಅನುಕೂಲ. ಆದರೆ ತೋಟದ ವಿಷಯದಲ್ಲಿ ಈ ಕೂಡಿಸುವಿಕೆ ನನಗೆ ಭಯ. 'ತೆಂಗಿನ ಹರಳು (ಎಳೆ ಕಾಯಿ) ಉದುರುತ್ತಿದೆ', 'ತೆಂಗಿಗೆ ನುಸಿಪೀಡೆ ಬಂದಿದೆ' ಇವೆರಡೂ ಒಂದೇ ಅನ್ನಿಸಬಹುದು, ಅಲ್ವಾ? ಒಂದೇ ಅಲ್ಲ. ಹರಳು ನೀರು ಸಾಲದೆಯೂ ಉದುರುತ್ತದೆ, ಬೋರಾನ್ ಎಂಬ ಪೋಷಕಾಂಶದ ಕೊರತೆಯಿಂದಲೂ ಉದುರುತ್ತದೆ. ಕೂಡಿಸಿಬಿಟ್ಟರೆ ನೀರು ಬೇಕಾದ ಮರಕ್ಕೆ ರೈತರು ನುಸಿಯ ಔಷಧಿ ಹೊಡೆದಾರು.

ರೆಡಿಟ್ ತಾಣದಲ್ಲಿ ಇತಿಹಾಸದ ಪ್ರಶ್ನೆಗಳಿಗೆಂದೇ ಇರುವ ಆಸ್ಕ್‌ಹಿಸ್ಟೋರಿಯನ್ಸ್ ಗುಂಪಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳಬಹುದು. 1565ರ ತಾಳಿಕೋಟೆ ಯುದ್ಧದ ಬಗ್ಗೆ ಕೇಳಿದಾಗ ಯಾರೋ ಪುಣ್ಯಾತ್ಮರು ಹಳೆಯ ಉತ್ತರದ ಲಿಂಕ್ ಹುಡುಕಿ ಕೊಟ್ಟರು. ನನ್ನ ಪ್ರಶ್ನೆ ತೆರೆದೇ ಇದ್ದದ್ದರಿಂದ ಅದರ ಕೆಳಗೇ ಇನ್ನೊಂದು ಸಂಶಯ ಕೇಳಲು ಆಯಿತು. ಇತಿಹಾಸಕ್ಕೆ ಇದೇ ಸರಿ, ಅಲ್ಲಿ ಉತ್ತರ ಬೆಳೆಯುತ್ತಲೇ ಇರುತ್ತದೆ. ಆದರೆ ಇದಕ್ಕೆ ಹುಡುಕಿ ಕೊಡುವ ತಾಳ್ಮೆಯವರು ಬೇಕು. ಎಲ್ಲ ಕಡೆ ಅಂಥವರು ಇರುವುದಿಲ್ಲ.

ನಾಲ್ಕನೆಯ ರೀತಿ ನೋಡಿದ್ದು ತೆಂಗು ಬೆಳೆಗಾರರ ಒಂದು ಗುಂಪಿನಲ್ಲಿ. ಹರಳು ಉದುರುವ ಬಗ್ಗೆ ನಾನು ಕೇಳಿದ್ದನ್ನು 'ಆಗಲೇ ಕೇಳಿದ್ದಾರೆ' ಎಂದು ಅಳಿಸಿದರು. ಎಲ್ಲಿ ಕೇಳಿದ್ದಾರೆ ಅಂತ ಹೇಳಲಿಲ್ಲ. ಒಂದು ವಾರ ಹುಡುಕಿದೆ, ಸಿಗಲಿಲ್ಲ.

ಈಗ ಇನ್ನೊಂದು ಚಿಕ್ಕ ಗುಂಪನ್ನು ನಾನೇ ನೋಡಿಕೊಳ್ಳುತ್ತೇನೆ. ಸ್ಟ್ಯಾಕ್ ಓವರ್‌ಫ್ಲೋದ ದಾರಿಯನ್ನೇ ಹಿಡಿದಿದ್ದೇನೆ: ಪ್ರಶ್ನೆ ಇರಲಿ, ಲಿಂಕ್ ಇರಲಿ. ಜೊತೆಗೆ ಒಂದು ಸಾಲು ಜಾಸ್ತಿ ಬರೆಯುತ್ತೇನೆ: 'ಇದನ್ನು ಓದಿ ನೋಡಿ, ನಿಮ್ಮ ಮರದ ಕಥೆ ಬೇರೆ ಅನ್ನಿಸಿದರೆ ಹೇಳಿ, ಮತ್ತೆ ತೆರೆಯೋಣ.' ಹೋದ ತಿಂಗಳು ಒಬ್ಬರು ಹಾಗೇ ಹೇಳಿದರು, ತೆರೆದೆವು. ಅವರದು ನಿಜವಾಗಿಯೂ ಬೇರೆ ಪ್ರಶ್ನೆ.