ನೀರಿನ ಬಿಲ್ಲಿನಲ್ಲಿ ‘ಅಂದಾಜು’ ಅಂತ ಇದ್ದರೆ ಸುಮ್ಮನೆ ಕೂರಬೇಡಿ

ಏಳು ತಿಂಗಳು ನಮ್ಮ ಮನೆಯ ನೀರಿನ ಬಿಲ್ ಒಂದೇ ಥರ ಬಂತು. ಪ್ರತಿ ಸಲ 12 ಯೂನಿಟ್. ನೆಂಟರು ತುಂಬಿಕೊಂಡಿದ್ದಾಗಲೂ 12, ಮನೆಗೆ ಬೀಗ ಹಾಕಿ ಹತ್ತು ದಿನ ಹೋಗಿದ್ದಾಗಲೂ 12. ಅನುಮಾನ ಬರಬೇಕಿತ್ತು ಅಲ್ವಾ? ಬರಲಿಲ್ಲ. ಬಿಲ್ ಕಮ್ಮಿ ಇದ್ದರೆ ಯಾರು ತಾನೇ ಎರಡನೇ ಸಲ ಓದುತ್ತಾರೆ!

ಎಂಟನೇ ತಿಂಗಳು 120 ಯೂನಿಟ್ ಬಂತು. ಒಂದು ಯೂನಿಟ್ ಅಂದರೆ 1,000 ಲೀಟರ್. ಅಂದರೆ ಒಂದು ಲಕ್ಷದ ಇಪ್ಪತ್ತು ಸಾವಿರ ಲೀಟರ್!

ಸಿಟ್ಟಿನಲ್ಲೇ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಹಳೇ ಬಿಲ್ಲುಗಳನ್ನು ನನ್ನ ಮುಂದೆಯೇ ಹರಡಿದರು. ಏಳರಲ್ಲೂ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಅಂದಾಜು’ ಅಂತ ಇತ್ತು. ಮೀಟರ್ ಗುಂಡಿಯ ಮುಚ್ಚಳದ ಮೇಲೆ ಎರಡು ದೊಡ್ಡ ಹೂಕುಂಡ ಇಟ್ಟಿದ್ದು ನಾನೇ. ರೀಡಿಂಗ್‌ಗೆ ಬಂದವರು ಅದನ್ನು ಎತ್ತುವ ಗೋಜಿಗೆ ಹೋಗದೆ ಹಿಂದಿನ ಸರಾಸರಿ ಬರೆದುಕೊಂಡು ಹೋಗಿದ್ದರು. ಒಂದು ಸಲ ಬೆಲ್ ಒತ್ತಿ ಹೇಳಬಹುದಿತ್ತು ಅನ್ನುವುದು ಬೇರೆ ಮಾತು. ಎಂಟನೇ ತಿಂಗಳು ಮೀಟರ್ ನಿಜವಾಗಿ ನೋಡಿದಾಗ, ಅಲ್ಲಿಯವರೆಗೆ ಬಿಲ್ಲಿಗೆ ಸೇರದ ನೀರೆಲ್ಲ ಒಟ್ಟಿಗೆ ಬಂದಿತ್ತು.

ಅವತ್ತು ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಗುಂಡಿ ಇಣುಕಿದೆ. ಮೀಟರಿನ ಮುಖದಲ್ಲಿ ನಕ್ಷತ್ರದ ಹಾಗೆ ಒಂದು ಪುಟ್ಟ ಚಕ್ರ ಇರುತ್ತದೆ. ನೀರು ಹರಿಯದಿದ್ದರೆ ಅದು ಅಲ್ಲಾಡಬಾರದು. ನಮ್ಮದು ನಿಧಾನಕ್ಕೆ, ಆರಾಮಾಗಿ ತಿರುಗುತ್ತಿತ್ತು. ಹನ್ನೊಂದಕ್ಕೆ ಅಂಕಿ ಬರೆದುಕೊಂಡೆ. ಬೆಳಗ್ಗೆ ಐದಕ್ಕೆ ನೋಡಿದರೆ 180 ಲೀಟರ್ ಮುಂದೆ ಹೋಗಿತ್ತು, ಎಲ್ಲರೂ ಮಲಗಿದ್ದಾಗ. ಗಂಟೆಗೆ 30, ದಿನಕ್ಕೆ 720 ಲೀಟರ್. ಆ 120ರಲ್ಲಿ ಒಂದು ತಿಂಗಳ ಖರ್ಚು 12 ತೆಗೆದರೆ ಉಳಿಯೋದು 108. ಲೆಕ್ಕ ಹಾಕಿದರೆ ಐದು ತಿಂಗಳಿಂದ ಸೋರುತ್ತಿದೆ.

ಎಲ್ಲಿ ಅಂತ ಹುಡುಕಲು ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ ಇಪ್ಪತ್ತು ನಿಮಿಷ ಬಿಟ್ಟೆ. ಫ್ಲಶ್ ಮಾಡದೇ ಕಮೋಡಿನಲ್ಲಿ ಬಣ್ಣ ಇಳಿದಿತ್ತು. ಟ್ಯಾಂಕಿನ ತಳದ ರಬ್ಬರ್ ಮುಚ್ಚಳದ ಅಂಚು ಸವೆದಿತ್ತು, ಅಷ್ಟೇ. ಸದ್ದಿಲ್ಲ, ನೆಲ ಒದ್ದೆಯಿಲ್ಲ. ಹತ್ತು ನಿಮಿಷದ ರಿಪೇರಿ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆಮೇಲೆ ಮಾಡಿದ ತಪ್ಪೇ ದೊಡ್ಡದು. ಕಚೇರಿಯಲ್ಲಿ ಬಾಯಿಮಾತಲ್ಲಿ ದೂರು ಹೇಳಿ, ‘ಅದು ಇತ್ಯರ್ಥ ಆಗೋವರೆಗೆ ಕಟ್ಟೋದು ಬೇಡ’ ಅಂತ ಸುಮ್ನೆ ಕೂತೆ. ದಂಡ ಸೇರಿಕೊಂಡು ಸಂಪರ್ಕ ಕಡಿಯುವ ನೋಟಿಸ್ ಬಂತು. ಹೋಗಿ ಕೇಳಿದರೆ ‘ದೂರಿನ ನಂಬರ್ ಕೊಡಿ’ ಅಂದರು. ನನ್ನ ಹತ್ತಿರ ಏನಿತ್ತು? ಏನೂ ಇಲ್ಲ.

ಎರಡನೇ ಸಲ ಅರ್ಜಿ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಜೊತೆಗೆ ಮೀಟರಿನ ಫೋಟೋ, ರಿಪೇರಿ ರಸೀದಿ. ಮೀಟರ್ ದಾಟಿದ ಮೇಲಿನ ಸೋರಿಕೆ ಮನೆಯವರದ್ದೇ ಹೊಣೆ ಅಂದರು, ಆ ನೀರಿನ ದುಡ್ಡು ಬಿಡಲಿಲ್ಲ. ಆದರೆ ಒಂದು ವಿಷಯಕ್ಕೆ ಒಪ್ಪಿದರು. ಬಳಕೆ ಜಾಸ್ತಿ ಆದಷ್ಟೂ ಯೂನಿಟ್ಟಿನ ದರ ಏರುವ ಸ್ಲ್ಯಾಬ್ ಲೆಕ್ಕದಲ್ಲಿ, ಇಷ್ಟು ತಿಂಗಳ ಬಾಕಿ ನೀರೆಲ್ಲ ಒಂದೇ ತಿಂಗಳ ತಲೆಗೆ ಬಿದ್ದಿತ್ತು. ಅದನ್ನು ಎಂಟು ತಿಂಗಳಿಗೆ ಹಂಚಿ ಅಂತ ಬರೆದು ಕೇಳಿದ್ದಕ್ಕೆ ಹಂಚಿದರು. ಬಿಲ್ ಗಣನೀಯವಾಗಿ ಇಳಿಯಿತು. ನಾನು ಕೇಳದಿದ್ದರೆ ಅವರಾಗಿ ಹೇಳುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ. ದಂಡ ಮಾತ್ರ ಹಾಗೇ ಉಳಿಯಿತು.

ಹೂಕುಂಡಗಳು ಈಗ ಬೇರೆ ಮೂಲೆಯಲ್ಲಿವೆ. ತಿಂಗಳಿಗೊಮ್ಮೆ ಮೀಟರಿನ ಸಂಖ್ಯೆ ಮತ್ತು ಅಂಕಿ ಎರಡೂ ಕಾಣುವ ಹಾಗೆ ಫೋಟೋ ತೆಗೆಯುತ್ತೇನೆ. ಕಳೆದ ತಿಂಗಳು ಬಿಲ್ಲಿನಲ್ಲಿ ಮತ್ತೆ ‘ಅಂದಾಜು’ ಅಂತ ಬಂತು. ಅದೇ ದಿನ ಫೋಟೋ ಹಿಡಿದುಕೊಂಡು ಹೋಗಿ ತಿದ್ದಿಸಿಕೊಂಡು ಬಂದೆ.