ಲಿಸ್ಟಿಂಗ್ ಸೇವೆ: ಸಾಫ್ಟ್‌ವೇರ್‌ಗೆ ಬಿಡಬೇಕಾ, ಕೈಯಲ್ಲೇ ಮಾಡಿಸಬೇಕಾ?

ಲಿಸ್ಟಿಂಗ್ ಎಂದರೆ ಆನ್‌ಲೈನ್ ಮ್ಯಾಪ್, ಡೈರೆಕ್ಟರಿಗಳಲ್ಲಿ ನಮ್ಮ ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರ್ ಇರುವ ಪುಟ. ನಮ್ಮ ಕನ್ನಡಕದ ಅಂಗಡಿಯ ವಿಳಾಸ ಬದಲಾದ ಮೇಲೆ ಇವನ್ನು ಸರಿಮಾಡಿಸಲು ಎರಡೂ ಬಗೆಯ ಸೇವೆ ಬಳಸಿದ್ದೇನೆ. ಮೊದಲು ಚಂದಾ ಕಟ್ಟುವ ಆಟೊಮ್ಯಾಟಿಕ್ ಸೇವೆ, ಆಮೇಲೆ ಒಬ್ಬರು ಕೂತು ಒಂದೊಂದೇ ಸೈಟಿನಲ್ಲಿ ತಿದ್ದಿಕೊಡುವ ಸೇವೆ. ಒಂದೇ ಅಂಗಡಿ ಇರುವವರಿಗೆ ನಾನು ಹೇಳುವುದು ಎರಡನೆಯದನ್ನೇ.

ಆಟೊಮ್ಯಾಟಿಕ್ ಸೇವೆಯ ವೇಗ ಮೆಚ್ಚಲೇಬೇಕು. ಹೆಸರು, ವಿಳಾಸ, ಫೋನ್ ನಂಬರ್, ಬಾಗಿಲು ತೆರೆಯುವ ಹೊತ್ತು, ಎಲ್ಲವನ್ನೂ ಒಂದೇ ಕಡೆ ತುಂಬಿದೆ. ಅವರ ಜೊತೆ ಒಪ್ಪಂದವಿರುವ ಡೈರೆಕ್ಟರಿಗಳಿಗೆ ಅದು ತಾನಾಗಿಯೇ ಹೋಯಿತು. ಉಳಿದ ಸೈಟುಗಳಲ್ಲಿ ಮಾತ್ರ ಹಳೇ ವಿಳಾಸ ಹಾಗೇ ಇತ್ತು. ಒಂದು ಕಡೆಯಂತೂ ನಮ್ಮನ್ನು ಕಣ್ಣಿನ ಆಸ್ಪತ್ರೆ ಎಂದು ಹಾಕಿದ್ದರು, ಸಾಫ್ಟ್‌ವೇರ್ ಅದನ್ನು ಹಿಡಿಯಲೇ ಇಲ್ಲ.

ನನಗೆ ಜಾಸ್ತಿ ಬೇಜಾರಾಗಿದ್ದು ಚಂದಾ ನಿಲ್ಲಿಸಿದಾಗ. ಕೆಲವು ಸೈಟುಗಳಲ್ಲಿ ಹಳೇ ಮಾಹಿತಿ ವಾಪಸ್ ಬಂತು. ತಿದ್ದೋಣ ಎಂದರೆ ಅಲ್ಲಿ ನಮ್ಮ ಹೆಸರಿನಲ್ಲಿ ಖಾತೆಯೇ ಇಲ್ಲ! ದುಡ್ಡು ಕೊಟ್ಟವರು ನಾವು, ಹಿಡಿತ ಮಾತ್ರ ಅವರದ್ದು. ಇದು ಸರಿಯಲ್ಲ ಅಲ್ವಾ?

ಕೈಯಲ್ಲಿ ಮಾಡಿಕೊಟ್ಟವರು ಮೊದಲು ನಮ್ಮ ಹಳೇ ಫೋನ್ ನಂಬರ್ ಹಾಕಿ ಹುಡುಕಿದರು. ನಾವು ಮರೆತೇಬಿಟ್ಟಿದ್ದ ಲಿಸ್ಟಿಂಗ್‌ಗಳು, ಒಂದೇ ಅಂಗಡಿಗೆ ಎರಡೆರಡು ಪುಟಗಳು, ಎಲ್ಲ ಹೊರಬಂದವು. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಸರ್ಚ್, ಮ್ಯಾಪ್ಸ್‌ನಲ್ಲಿ ಕಾಣುವ ಅಂಗಡಿಯ ಪುಟ) ಮೊದಲು ಸರಿಮಾಡಿ, ಅಲ್ಲಿಂದಲೇ ಬಿಂಗ್ ಪ್ಲೇಸಸ್‌ಗೆ (ಬಿಂಗ್ ಸರ್ಚ್‌ನ ಇಂಥದ್ದೇ ಸೇವೆ) ಇಂಪೋರ್ಟ್ ಮಾಡಿದರು. ಆ್ಯಪಲ್ ಮ್ಯಾಪ್ಸ್‌ನಲ್ಲೂ ತಿದ್ದಿದರು. ಪ್ರತಿ ಖಾತೆಯೂ ನಮ್ಮ ಇಮೇಲ್‌ನಲ್ಲೇ. ಕೊನೆಗೆ ಎಲ್ಲ ಲಾಗಿನ್‌ಗಳನ್ನೂ ಒಂದು ಶೀಟಿನಲ್ಲಿ ಬರೆದುಕೊಟ್ಟರು. ಒಂದೇ ಸಲ ದುಡ್ಡು, ಅಷ್ಟೇ.

ಕೆಲಸ ನಿಧಾನ, ಅದು ನಿಜ. ಒಟಿಪಿ ಬಂದಾಗಲೆಲ್ಲ ಅಂಗಡಿಯ ಫೋನ್ ಹತ್ತಿರ ಯಾರಾದರೂ ಇರಬೇಕು. ಅಂಗಡಿ ನಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಗೂಗಲ್ ಕೆಲವರಿಗೆ ಬೋರ್ಡ್, ಒಳಾಂಗಣ ತೋರಿಸುವ ವಿಡಿಯೊ ಕೇಳುತ್ತದೆ. ಅದನ್ನು ನಾವೇ ತೆಗೆಯಬೇಕು. ಇನ್ನೊಂದು ವಿಷಯ: ಗೂಗಲ್‌ನಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಹಾಗಾಗಿ ಕೆಲಸ ಮುಗಿಯಿತೆಂದು ಸುಮ್ನೆ ಕೂರುವ ಹಾಗಿಲ್ಲ. ಈಗ ಆಗಾಗ ನಾನೇ ತೆಗೆದು ನೋಡುತ್ತೇನೆ.

ಹತ್ತಾರು ಶಾಖೆಗಳಿದ್ದು, ಸಮಯ ಪದೇ ಪದೇ ಬದಲಾಗುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಷ್ಟನ್ನೂ ಕೈಯಲ್ಲಿ ತಿದ್ದುವುದು ಕಷ್ಟ, ಅವರಿಗೆ ಚಂದಾ ಸೇವೆಯೇ ಸರಿ. ಆದರೂ ಸೇರುವ ಮುಂಚೆ ಚಂದಾ ನಿಂತ ಮೇಲೆ ಲಿಸ್ಟಿಂಗ್ ಏನಾಗುತ್ತದೆ ಎಂದು ಬರಹದಲ್ಲಿ ಕೇಳಿ. ಗೂಗಲ್‌ನಲ್ಲಂತೂ ಓನರ್ ನೀವೇ ಆಗಿರಿ, ಅವರಿಗೆ ಮ್ಯಾನೇಜರ್ ಹಕ್ಕು ಕೊಟ್ಟರೆ ಸಾಕು.