₹899ರ ಕಿಟ್, ಒಂದು ಆ್ಯಪ್, ಒಂದು ಹಿಡಿ ಹುಣಸೆ ಬೀಜ

ಅಕ್ಕನ ಮಗಳಿಗೆ ಕೆಮಿಸ್ಟ್ರಿ ಹೇಳಿಕೊಡೋಕೆ ಈ ಮೂರನ್ನೂ ಹಿಡಿದು ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಹುಣಸೆ ಬೀಜ. ₹899 ಕೊಟ್ಟು ತರಿಸಿದ ಕಿಟ್ ಈಗ ಅಟ್ಟ ಸೇರಿದೆ. ಯಾಕೆ ಹಾಗಾಯ್ತು ಅಂತ ಬರೆದಿಟ್ಟರೆ, ಮನೆಯಲ್ಲಿ ಎಸೆಸೆಲ್ಸಿ ಮಕ್ಕಳಿರುವ ಯಾರಿಗಾದರೂ ದುಡ್ಡು ಉಳಿದೀತು.

ಅಕ್ಕನ ಮಗಳು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕೊಟ್ಟೋ ಪಡೆದೋ ಪ್ಲಸ್ ಇಲ್ಲವೇ ಮೈನಸ್ ಆದ ಪರಮಾಣುಗಳು, ಹೇಗೆ ಆಗುತ್ತವೆ ಅನ್ನೋ ಕಡೆ ಸಿಕ್ಕಿಹಾಕಿಕೊಂಡಿದ್ದಳು. ಸೋಡಿಯಮ್ ತನ್ನ ಹೊರಗಿನ ಕವಚದ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಕ್ಲೋರಿನ್ ಅದನ್ನು ತೆಗೆದುಕೊಳ್ಳುತ್ತದೆ. ಇಷ್ಟನ್ನು ಗಿಣಿಪಾಠ ಒಪ್ಪಿಸುತ್ತಿದ್ದಳು. "ಹಾಗಾದ್ರೆ ಸೋಡಿಯಮ್‌ಗೆ ಪ್ಲಸ್ ಯಾಕೆ?" ಅಂದರೆ ಮಾತು ನಿಂತುಹೋಗುತ್ತಿತ್ತು. "ಮಾಮ, ಕಳ್ಕೊಂಡ್ರೆ ಮೈನಸ್ ಆಗ್ಬೇಕು ಅಲ್ವಾ?" ಅಂತ ನನಗೇ ತಿರುಗಿಸಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದ ನಾನು ಈಗ ದಿನಸಿ ಅಂಗಡಿ ನೋಡಿಕೊಳ್ಳುತ್ತೇನೆ. ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಸಿಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಬಾಯಲ್ಲಿ ಹೇಳಿದ್ದೆಲ್ಲ ಮಾರನೇ ದಿನಕ್ಕೆ ಉಳಿಯುತ್ತಿರಲಿಲ್ಲ. ಅದಕ್ಕೇ ಕಿಟ್ ತರಿಸಿದ್ದು.

ಗುಂಡು, ಕಡ್ಡಿಗಳ ಪ್ಲಾಸ್ಟಿಕ್ ಕಿಟ್ ಅದು. ಡಬ್ಬಿ ನೋಡೋಕೆ ಚೆನ್ನಾಗಿತ್ತು. ಕಾರ್ಬನ್ ಕಪ್ಪು, ಆಕ್ಸಿಜನ್ ಕೆಂಪು, ಹೈಡ್ರೋಜನ್ ಬಿಳಿ, ಕ್ಲೋರಿನ್ ಹಸಿರು. ಸೋಡಿಯಮ್‌ಗೆ ಬೂದು ಗುಂಡು. ಸೋಡಿಯಮ್‌ಗೂ ಕ್ಲೋರಿನ್‌ಗೂ ಒಂದೊಂದೇ ತೂತು. ನಡುವೆ ಒಂದು ಕಡ್ಡಿ ಚುಚ್ಚಿದರೆ ಉಪ್ಪು ರೆಡಿ. ಎರಡು ಸೆಕೆಂಡ್ ಕೆಲಸ.

"ಸರಿ, ಎಲೆಕ್ಟ್ರಾನ್ ಎಲ್ಲಿ?" ಅಂದೆ.

"ಈ ಕಡ್ಡಿನೇ ಅಲ್ವಾ ಮಾಮ?"

ಎಡವಟ್ಟಾಗಿದ್ದು ಇಲ್ಲೇ. ಈ ಕಿಟ್‌ಗಳಲ್ಲಿ ಕಡ್ಡಿ ಅಂದರೆ ಎರಡು ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ. ಮೀಥೇನ್‌ಗೆ, ನೀರಿಗೆ ಅದು ಸರಿ. ಉಪ್ಪಿನಲ್ಲಿ ನಡೆಯುವುದು ಹಂಚಿಕೆ ಅಲ್ಲ. ಎಲೆಕ್ಟ್ರಾನ್ ಈ ಮನೆ ಬಿಟ್ಟು ಆ ಮನೆಗೆ ಹೋಗಿಬಿಟ್ಟಿರುತ್ತದೆ. ಆಮೇಲೆ ಪ್ಲಸ್ಸು ಮೈನಸ್ಸು ಒಂದನ್ನೊಂದು ಎಳೆದುಕೊಂಡು ಕೂರುತ್ತವೆ, ಅಷ್ಟೇ. ಅಲ್ಲಿ ಕಡ್ಡಿಗೆ ಕೆಲಸವೇ ಇಲ್ಲ. ನಾನು ಇದನ್ನು ಬಿಡಿಸಿ ಹೇಳಿದೆ, ಅವಳೂ ತಲೆಯಾಡಿಸಿದಳು. ಆದರೆ ಕೈಯಲ್ಲಿ ಹಿಡಿದು ಮಾಡಿದ್ದು ಕಡ್ಡಿ ಚುಚ್ಚಿದ್ದು, ಅಲ್ವಾ? ಅದೇ ತಲೆಯಲ್ಲಿ ಕೂತಿತು. ವಾರ ಕಳೆದು ಬಂದ ಕಿರುಪರೀಕ್ಷೆಯಲ್ಲಿ "ಸೋಡಿಯಮ್ ಮತ್ತು ಕ್ಲೋರಿನ್ ಒಂದು ಎಲೆಕ್ಟ್ರಾನನ್ನು ಹಂಚಿಕೊಳ್ಳುತ್ತವೆ" ಅಂತ ಬರೆದು ಬಂದಳು. ಮೂರು ಅಂಕದ ಪ್ರಶ್ನೆ, ಸಿಕ್ಕಿದ್ದು ಸೊನ್ನೆ. ಕಿಟ್ ಬರುವ ಮುಂಚೆ ಗಿಣಿಪಾಠವನ್ನಾದರೂ ಸರಿಯಾಗಿ ಬರೆಯುತ್ತಿದ್ದಳು!

ತೊಂದರೆ ಅಲ್ಲಿಗೇ ಮುಗಿಯಲಿಲ್ಲ. ಒಂದು ಬೂದು, ಒಂದು ಹಸಿರು ಸೇರಿ ಒಂದು ಜೋಡಿ, ಅಂಥ ಜೋಡಿಗಳ ರಾಶಿಯೇ ಉಪ್ಪು ಅಂದುಕೊಂಡಳು. ಉಪ್ಪಿನ ಹರಳಿನಲ್ಲಿ ಹಾಗೆ ಜೋಡಿಗಳಿಲ್ಲ. ಪ್ರತಿ ಸೋಡಿಯಮ್ ಅಯಾನಿನ ಸುತ್ತ 6 ಕ್ಲೋರೈಡ್ (ಮೈನಸ್ ಆದ ಕ್ಲೋರಿನ್), ಪ್ರತಿ ಕ್ಲೋರೈಡಿನ ಸುತ್ತ 6 ಸೋಡಿಯಮ್. ಯಾರು ಯಾರ ಜೋಡಿ ಅಂತ ಹೇಳೋಕೇ ಆಗಲ್ಲ. ಒಂದೇ ತೂತಿನ ಗುಂಡಿನಲ್ಲಿ ಇದನ್ನು ತೋರಿಸೋದು ಹೇಗೆ? ಹಟಕ್ಕೆ ಬಿದ್ದು ಕಾದ ದಬ್ಬಳದಿಂದ ಇನ್ನೈದು ತೂತು ಕೊರೆಯಲು ಹೋದೆ. ಹಸಿರು ಗುಂಡು ಕರಗಿ ಕಜ್ಜಾಯದಂತಾಯಿತು. ವಾಪಸ್ ಕಳಿಸುವ ದಾರಿಯೂ ಅಲ್ಲಿಗೆ ಮುಚ್ಚಿತು. ಆ ತಪ್ಪು ಮಾತ್ರ ನಂದೇ.

ಕಿಟ್‌ನ ಗುಂಡುಗಳ ಗಾತ್ರವೂ ಬದಲಾಗುವುದಿಲ್ಲ. ಸೋಡಿಯಮ್ ಪರಮಾಣುವಿನ ತ್ರಿಜ್ಯ ಸುಮಾರು 186 ಪಿಕೋಮೀಟರ್ (ಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಮೀಟರ್). ಹೊರಗಿನ ಎಲೆಕ್ಟ್ರಾನ್ ಹೋದರೆ ಆ ಕವಚವೇ ಖಾಲಿ, ಅಯಾನು 102ಕ್ಕೆ ಇಳಿಯುತ್ತದೆ. ಕ್ಲೋರಿನ್ 99ರಿಂದ 181ಕ್ಕೆ ಉಬ್ಬುತ್ತದೆ. ದೊಡ್ಡದು ಚಿಕ್ಕದಾಗಿ, ಚಿಕ್ಕದು ದೊಡ್ಡದಾಗುವ ಈ ಸೊಗಸೇ ಡಬ್ಬಿಯಲ್ಲಿಲ್ಲ.

ಎರಡನೆಯದು ಆ್ಯಪ್. ಒಂದು ತಿಂಗಳ ಚಂದಾ ಕಟ್ಟಿದೆ. ಕಿಟ್‌ಗಿಂತ ವಾಸಿ ಅಂತ ಒಪ್ಪಿಕೊಳ್ಳುತ್ತೇನೆ. ಎಲೆಕ್ಟ್ರಾನ್ ಒಂದು ಕವಚದಿಂದ ಹಾರಿ ಇನ್ನೊಂದಕ್ಕೆ ಹೋಗುವುದು ಅಲ್ಲಿ ಕಾಣುತ್ತದೆ. ಆದರೆ ಅವಳು ಸುಮ್ನೆ ನೋಡುತ್ತಾಳೆ, ಎಣಿಸುವುದಿಲ್ಲ. ಆ್ಯಪ್ ಮುಚ್ಚಿ ಮೆಗ್ನೀಸಿಯಮ್ ಮಾಡು ಅಂದರೆ ಮತ್ತೆ ಮೊದಲಿನ ಕಥೆ. ಇನ್ನೊಂದು ನನಗೆ ಕಿರಿಕಿರಿ ಮಾಡಿದ್ದು, ಆ ನಗುಮುಖದ ಸೋಡಿಯಮ್. ಖುಷಿಯಿಂದ ಎಲೆಕ್ಟ್ರಾನ್ ದಾನ ಮಾಡುತ್ತದಂತೆ. ದಾನ ಎಲ್ಲಿಯದು? ಆವಿಯಾಗಿರುವ ಒಂದು ಮೋಲ್ (ಪರಮಾಣುಗಳನ್ನು ಎಣಿಸುವ ದೊಡ್ಡ ಅಳತೆ) ಸೋಡಿಯಮ್‌ನಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೌಲ್ ಶಕ್ತಿ ಸುರಿಯಬೇಕು. ಕ್ಲೋರಿನ್ ಅದನ್ನು ತೆಗೆದುಕೊಂಡಾಗ ವಾಪಸ್ ಸಿಗುವುದು 349. ಲೆಕ್ಕ ಹಾಕಿದರೆ ಇಷ್ಟರಲ್ಲಿ 147 ನಷ್ಟ. ಪ್ಲಸ್ಸು ಮೈನಸ್ಸು ಒಟ್ಟಾಗಿ ಹರಳು ಕಟ್ಟಿದಾಗ ಸುಮಾರು 787 ಬಿಡುಗಡೆಯಾಗುತ್ತದಲ್ಲ, ಲಾಭ ಬರುವುದು ಅಲ್ಲಿ. ವ್ಯಾಪಾರದವನಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಅದೇ ಸೋಡಿಯಮ್‌ನ ಎರಡನೇ ಎಲೆಕ್ಟ್ರಾನ್ ಕೀಳಲು 4562 ಕಿಲೋಜೌಲ್ ಬೇಕು, ಅಂದರೆ ಒಂಬತ್ತು ಪಟ್ಟು. ಅದು ಒಂದಕ್ಕೇ ನಿಲ್ಲುವುದು ಅದಕ್ಕೇ. ಆ್ಯಪ್‌ನಲ್ಲಿ ಈ ಮಾತೇ ಇರಲಿಲ್ಲ. ತಿಂಗಳು ಮುಗಿಯಿತು, ಮತ್ತೆ ದುಡ್ಡು ಕಟ್ಟಲಿಲ್ಲ.

ಇನ್ನು ಹುಣಸೆ ಬೀಜ. ಚೌಕಾಬಾರಕ್ಕೆ ಅಂತ ಅಮ್ಮ ಡಬ್ಬಿಯಲ್ಲಿ ಕೂಡಿಟ್ಟಿದ್ದು ಬೇಕಾದಷ್ಟಿತ್ತು. ಅಡುಗೆಮನೆಯಿಂದ ಒಂದು ಹಿಡಿ ಕಡಲೆಕಾಳು ತಂದೆ. ನಡುಮನೆಯಲ್ಲಿ ರಂಗೋಲಿ ಪುಡಿಯಿಂದ ಒಂದರೊಳಗೊಂದು ಮೂರು ಸುತ್ತು ಹಾಕಿದೆ. ನಡುವೆ ಒಂದು ಬಟ್ಟಲು. ಸುತ್ತು ಅಂದರೆ ಕವಚ, ಬಟ್ಟಲು ಅಂದರೆ ಪರಮಾಣುವಿನ ನ್ಯೂಕ್ಲಿಯಸ್. ಬೀಜ ಅಂದರೆ ಎಲೆಕ್ಟ್ರಾನ್, ಕಾಳು ಅಂದರೆ ನ್ಯೂಕ್ಲಿಯಸ್ಸಿನೊಳಗಿನ ಪ್ಲಸ್ ಕಣ ಪ್ರೋಟಾನ್. ಸೋಡಿಯಮ್‌ಗೆ ಬಟ್ಟಲಲ್ಲಿ 11 ಕಾಳು, ಸುತ್ತುಗಳ ಮೇಲೆ 2, 8, 1 ಬೀಜ. ಒಂದೇ ಕಟ್ಟುನಿಟ್ಟು: ಬಟ್ಟಲಿಗೆ ಯಾರೂ ಕೈಹಾಕುವ ಹಾಗಿಲ್ಲ.

ಪ್ಲಸ್ಸಿನ ಗಂಟು ಬಿಡಿಸಿದ್ದು ನಮ್ಮ ಅಂಗಡಿಯ ಉದ್ರಿ ಪುಸ್ತಕ. ಎಲೆಕ್ಟ್ರಾನ್‌ಗೆ ಕನ್ನಡದಲ್ಲಿ ಋಣ ಆವೇಶ ಅಂತೀವಿ. ಋಣ ಅಂದರೆ ಸಾಲ ತಾನೇ? ಒಂದು ಬೀಜ ಒಂದು ರೂಪಾಯಿ ಸಾಲ, ಒಂದು ಕಾಳು ಒಂದು ರೂಪಾಯಿ ಧನ ಅಂದೆ. 11 ಧನ, 11 ಋಣ, ಸರಿಗೆ ಸರಿ. ಈಗ ಒಂದು ಸಾಲವನ್ನು ಕ್ಲೋರಿನ್ ತಲೆಗೆ ಕಟ್ಟು. ಅವಳು ಕೊನೆಯ ಬೀಜ ಎತ್ತಿ, ಕ್ಲೋರಿನ್ ಆಗಿ ಕೂತಿದ್ದ ತಮ್ಮನ ಸುತ್ತಿನಲ್ಲಿಟ್ಟಳು. ಎಣಿಸಿದಳು. 11 ಧನ, 10 ಋಣ. "ಅಯ್ಯೋ, ಕಳ್ಕೊಂಡಿದ್ದು ಸಾಲಾನಾ!" ಅಂದಳು. ಅಷ್ಟು ದಿನ ಪುಸ್ತಕದಲ್ಲಿ ಧನ ಅಯಾನು, ಋಣ ಅಯಾನು ಅಂತ ಓದುತ್ತಲೇ ಇದ್ದಳು. ನನಗೂ ಈ ಅರ್ಥ ಹೊಳೆದಿರಲಿಲ್ಲ. ನಾನು ಓದಿದ್ದು ಇಂಗ್ಲಿಷಿನಲ್ಲಿ.

ಖಾಲಿಯಾದ ಮೂರನೇ ಸುತ್ತನ್ನು ಒದ್ದೆ ಬಟ್ಟೆಯಿಂದ ಒರೆಸಿದೆವು. ಅಯಾನು ಕುಗ್ಗುವುದು ಹೀಗೇ ನೋಡು ಅಂದೆ. ಉಳಿದಿದ್ದು 2, 8. "ನಿಯಾನ್ ಆಗೋಯ್ತಾ?" ಅಂತ ತಮ್ಮ ಕೇಳಿದ. ನಾನು ಬಾಯಿ ಬಿಡುವ ಮುಂಚೆಯೇ ಅವಳು ಬಟ್ಟಲು ತೋರಿಸಿದಳು. ನಿಯಾನ್‌ಗೆ ಕಾಳು 10, ಇಲ್ಲಿರೋದು 11. ಜೋಡಣೆ ನಿಯಾನಿನದು, ಆಸಾಮಿ ಸೋಡಿಯಮ್ಮೇ.

ಅಲ್ಯುಮಿನಿಯಮ್ ದಿನ ಗಲಾಟೆ ಜಾಸ್ತಿ. ಅಲ್ಯುಮಿನಿಯಮ್‌ಗೆ ಕೊಡೋಕೆ ಮೂರು ಬೀಜ, ಆಕ್ಸಿಜನ್‌ಗೆ ಹೊರಸುತ್ತಿನಲ್ಲಿ ಎಂಟು ತುಂಬಿಸಿಕೊಳ್ಳೋಕೆ ಬೇಕಾಗಿರೋದು ಎರಡು. ಎರಡು ಕೊಟ್ಟಳು, ಒಂದು ಮಿಕ್ಕಿತು. ಇನ್ನೊಂದು ಆಕ್ಸಿಜನ್ ಬರೆದಳು, ಅದಕ್ಕೆ ಒಂದು ಕಮ್ಮಿ ಬಿತ್ತು. ಇನ್ನೊಂದು ಅಲ್ಯುಮಿನಿಯಮ್ ಕರೆದಳು. ಅದು ಒಂದು ಕೊಟ್ಟು ಎರಡು ಉಳಿಸಿಕೊಂಡಿತು, ಅದಕ್ಕೆ ಮೂರನೇ ಆಕ್ಸಿಜನ್. ಕೊನೆಗೆ 2 ಅಲ್ಯುಮಿನಿಯಮ್, 3 ಆಕ್ಸಿಜನ್, ಕೈ ಬದಲಾಯಿಸಿದ್ದು 6 ಬೀಜ. ಕ್ಲಾಸಿನಲ್ಲಿ ವೇಲೆನ್ಸಿ (ಕೊಡುವ ಇಲ್ಲವೇ ಪಡೆಯುವ ಎಲೆಕ್ಟ್ರಾನ್‌ಗಳ ಲೆಕ್ಕ) ಅದಲುಬದಲು ಮಾಡಿ ಬರೆಯುತ್ತಿದ್ದ 2, 3 ಎಲ್ಲಿಂದ ಬಂತು ಅಂತ ಆವತ್ತು ಗೊತ್ತಾಯಿತು. ಅದಕ್ಕೆ 50 ಬೀಜ, 50 ಕಾಳು, ಐದು ಬಟ್ಟಲು, ನಡುಮನೆ ಪೂರ್ತಿ ಬೇಕಾಯಿತು. ಅಕ್ಕ ಬೀಜದ ಮೇಲೆ ಕಾಲಿಟ್ಟು ಜಾರುವುದರಲ್ಲಿದ್ದಳು. ಇದೊಂದು ಕೊರತೆ ಅಂತ ಅವಳ ಪರವಾಗಿ ಬರೆಯುತ್ತಿದ್ದೇನೆ.

ಬೇರೆ ಕೊರತೆಗಳೂ ಇವೆ. ಎಲೆಕ್ಟ್ರಾನ್ ನಿಜಕ್ಕೂ ಬೀಜದ ಹಾಗೆ ಒಂದು ಕಡೆ ಕೂರುವುದಿಲ್ಲ. ಕ್ಯಾಲ್ಸಿಯಮ್ ಮಾಡುವಾಗ "ಮೂರನೇ ಸುತ್ತಿನಲ್ಲಿ 18 ಹಿಡಿಸುತ್ತೆ ಅಂತಾರೆ, 8ಕ್ಕೇ ಯಾಕೆ ನಾಲ್ಕನೇದಕ್ಕೆ ಹೋದ್ವಿ?" ಅಂತ ಕೇಳಿದಳು. ರಂಗೋಲಿ ಇದಕ್ಕೆ ಉತ್ತರ ಕೊಡಲ್ಲ. ಕಬ್ಬಿಣಕ್ಕೆ ಬಂದರೆ ಆಟ ಪೂರ್ತಿ ಕೆಡುತ್ತದೆ. ಅದರ ಜೋಡಣೆ 2, 8, 14, 2. ಒಮ್ಮೆ ಎರಡು ಬಿಡುತ್ತದೆ, ಒಮ್ಮೆ ಒಳಸುತ್ತಿನಿಂದಲೂ ಒಂದು ಸೇರಿಸಿ ಮೂರು ಬಿಡುತ್ತದೆ. ತುಕ್ಕಿನಲ್ಲಿರುವುದು ಆ ಮೂರು ಬಿಟ್ಟ ಕಬ್ಬಿಣ. ಎಂಟು ತುಂಬಿಸಿಕೊಳ್ಳುವ ನಿಯಮ ಹಿಡಿದು ಹೊರಟವರಿಗೆ ಇಲ್ಲಿ ದಾರಿ ಇಲ್ಲ.

9 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ, ಉಪ್ಪುನೀರು ಇಟ್ಟುಕೊಂಡೂ ನೋಡಿದೆವು. ಒಣ ಉಪ್ಪಿಗೆ ತಂತಿ ಚುಚ್ಚಿದರೆ ಬೆಳಕಿಲ್ಲ, ನೀರಿಗೆ ಹಾಕಿ ಕರಗಿಸಿದರೆ ಹತ್ತುತ್ತದೆ, ಸಕ್ಕರೆ ನೀರಿಗೆ ಹತ್ತುವುದಿಲ್ಲ. ಅಯಾನು ಅನ್ನುವ ಹೆಸರನ್ನು 1834ರಲ್ಲಿ ಬಳಕೆಗೆ ತಂದವರು ಮೈಕೆಲ್ ಫ್ಯಾರಡೆ, ಗ್ರೀಕಿನಲ್ಲಿ ಅದರ ಅರ್ಥ ಹೋಗುವಂಥದ್ದು. ಅಯಾನುಗಳು ತಂತಿಯ ಕಡೆ ಹೋಗುತ್ತವೆ ಅಂತ ನಂಬಿಸಲು ಇದು ಸಾಕು. ಎಲೆಕ್ಟ್ರಾನ್ ಕೈ ಬದಲಾಯಿಸಿದ್ದು ಇದರಲ್ಲಿ ಕಾಣುವುದಿಲ್ಲ, ಹಾಗಾಗಿ ಪೈಪೋಟಿಗೆ ಸೇರಿಸಲಿಲ್ಲ. ಕಿಟಕಿ ತೆಗೆದಿಡಿ, ಕ್ಲೋರಿನ್ ಘಾಟು ಬರುತ್ತದೆ.

ನನ್ನ ಹಾಗೆ ರಾತ್ರಿ ಅರ್ಧ ಗಂಟೆ ಮಾತ್ರ ಇರುವವರು, ನೆಲದಲ್ಲಿ ಕೂರಲು ಬೇಸರವಿಲ್ಲದವರು ಬೀಜವನ್ನೇ ನೆಚ್ಚಿಕೊಳ್ಳಿ. ಖರ್ಚು ಸೊನ್ನೆ. ಊರಿಂದ ದೂರ ಇದ್ದು ಫೋನಿನಲ್ಲೇ ಹೇಳಿಕೊಡಬೇಕು ಅನ್ನುವವರಿಗೆ ಆ್ಯಪ್ ಪರವಾಗಿಲ್ಲ, ಆದರೆ ಪಕ್ಕದಲ್ಲಿ ಹಾಳೆ ಇಟ್ಟು ಎಣಿಸಿ ಬರೆಸಿ. ಕಿಟ್ ಆಗಲೇ ಕೊಂಡಿದ್ದರೆ ಎಸೆಯಬೇಡಿ. ಕಾರ್ಬನ್ ಪಾಠ ಮುಂದಿದೆ, ಅಲ್ಲಿ ಆ ಕಡ್ಡಿಗಳು ಹೇಳುವುದು ಸರಿಯಾಗಿಯೇ ಇರುತ್ತದೆ. ಆಗ ನಾನೂ ಅಟ್ಟ ಹತ್ತುತ್ತೇನೆ. ಕರಗಿದ ಹಸಿರು ಗುಂಡೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಹೊಸದರ ಹಾಗೇ ಇದೆ.